ಅಪ್ಪ ಕೂತ ತಗ್ಗು

ತಲೆನೋವಿಲ್ಲದವನು ತಲೆನೋವಿನ ಮಾತ್ರೆ ಕೊಳ್ಳುತ್ತಾನೆಂದರೆ ಬೇರೆಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಸೋಫಾ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಕುಶನ್ ಎಂದೇ ಕರೆಯುತ್ತಿದ್ದರು. ಎದುರಿನ ಮೆಡಿಕಲ್ ಶಾಪಿನವಳ ಕಣ್ಣಿಗೆ ಬೀಳಲು ಪಾಪ, ಅವನಿಗೆ ಬೇರೆ ನೆಪ ಹೊಳೆದಿರಲಿಲ್ಲ.

"ಕುಶನ್ ಸಾಹೇಬ್ರೇ, ಆ ತಲೇಲಿ ಅಂಥದ್ದೇನಿದೆ ಇಷ್ಟೊಂದು ನೋಯೋಕೆ?" ಎಂದು ಅವಳು ಹುಬ್ಬೇರಿಸಿ ಕೇಳುವಳು. ಇವನ ಕಿವಿ ಕೆಂಪಾಗುವುದು. ಅವಳು ನೋಡಿಯೂ ನೋಡದವಳ ಹಾಗೆ ಮಾತ್ರೆಯ ಕವರಿನ ಬಾಯಿ ಮಡಿಸುವಳು.

ಅವಳ ಅಪ್ಪ ತೀರಿಕೊಂಡ ಮೇಲೆ ಆ ಹುಬ್ಬು ಏರಲಿಲ್ಲ. ಒಂದು ಬೆಳಿಗ್ಗೆ ಅವಳೇ ಇವನ ಅಂಗಡಿಗೆ ಬಂದಳು. ಹಿಂದೆ ಗಾಡಿಯಲ್ಲಿ ಹಳೆಯದೊಂದು ಒಂಟಿ ಸೋಫಾ.

"ಅಪ್ಪಂದು. ಕೈಯಿಡೋ ಕಡೆ ಬಟ್ಟೆ ಹರಿದಿದೆ, ಹೊಲಿದುಕೊಡಿ ಸಾಕು. ಸಂಜೆಗೇ ಬೇಕು. ಅಮ್ಮ ಈಗ ಹಾಸಿಗೆಗೇ ಹೋಗಲ್ಲ, ಇದರಲ್ಲೇ ಮುದುರಿಕೊಂಡು ಒಂಚೂರು ನಿದ್ದೆ ಮಾಡ್ತಾರೆ."

"ಫುಲ್ ಕಂಫರ್ಟ್ ಮಾಡಿಕೊಡ್ತೀನಿ ಮೇಡಂ, ನೀವು ಯೋಚನೇನೇ ಮಾಡ್ಬೇಡಿ."

ಕಂಫರ್ಟ್ ಎನ್ನುವುದು ಅವನ ನಾಲಿಗೆಯ ತುದಿಯಲ್ಲೇ ಇರುವ ಮಾತು. ಒತ್ತಿದರೆ ಇಳಿದು, ಬಿಟ್ಟರೆ ಮೇಲೇಳುವ ಫೋಮ್ ಇದ್ದರೆ ಅದು ಕಂಫರ್ಟ್. ಅದಕ್ಕಿಂತ ಹೆಚ್ಚು ಅವನು ತಲೆ ಕೆಡಿಸಿಕೊಂಡವನಲ್ಲ. ಸಾವಾದ ಮನೆಗೆ ಹೋಗಿ ನಾಲ್ಕು ಸಮಾಧಾನದ ಮಾತಾಡಲು ಅವನಿಗೆ ಬಾಯಿ ಬಂದಿರಲಿಲ್ಲ. ಕೈಗೆ ಕೆಲಸವಾದರೂ ಬರುತ್ತದಲ್ಲ! ಸೀಟು ಬಿಚ್ಚಿದ. ಎಡಕ್ಕೆ ವಾಲಿದ ಆಳವಾದ ತಗ್ಗು, ಸತ್ತುಹೋದ ಫೋಮ್. ಅದನ್ನು ಕಿತ್ತೆಸೆದು, ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯದನ್ನು ತುಂಬಿ, ಹೊಸ ಬಟ್ಟೆ ಬಿಗಿದ. ಊಟ ಮರೆತ. ಅವಳ ಮುಖ ಅರಳುವುದನ್ನು ನೆನೆದು ಒಬ್ಬನೇ ನಕ್ಕ.

ಸಂಜೆ ಸೋಫಾವನ್ನು ತಾನೇ ಹೊತ್ತು ಅವಳ ಮನೆಗೆ ಹೋದ. ಅಮ್ಮ ಕೂತರು. ಎಡಕ್ಕೆ ಸರಿದರು, ಬಲಕ್ಕೆ ಸರಿದರು. ಅಂಗೈಯಿಂದ ಸೀಟನ್ನು ತಡವಿದರು.

"ಇದು ಯಾರದಮ್ಮಾ?" ಎಂದು ಮಗಳನ್ನು ಕೇಳಿ, ಎದ್ದು ಒಳಗೆ ಹೋದರು.

ಅವಳೂ ಸೀಟಿನ ಮೇಲೆ ಕೈಯಾಡಿಸಿದಳು. ಮುಖ ಬಿಳಿಚಿಕೊಂಡಿತು. "ಅಪ್ಪ ಕೂತೂ ಕೂತೂ ಆಗಿದ್ದ ತಗ್ಗು ಎಲ್ಲಿ? ಅಮ್ಮ ಅದರೊಳಗೇ ಮಲಗ್ತಿದ್ರು. ನಾನು ಹೊಲಿಯೋಕೆ ಮಾತ್ರ ಹೇಳಿದ್ದೆ. ನಿಮ್ಮ ಕಂಫರ್ಟ್ ಯಾರು ಕೇಳಿದ್ರು?"

ಅವನು ಒಂದೇ ಉಸಿರಿಗೆ ಅಂಗಡಿಗೆ ಓಡಿದ. ಹಳೆಯ ಫೋಮ್ ಸಮೇತ ಹೊರಗಿಟ್ಟಿದ್ದ ಕಸವನ್ನು ಕಸದ ಗಾಡಿಯವರು ಆಗಲೇ ಒಯ್ದಿದ್ದರು. ತಿರುವಿನವರೆಗೂ ಓಡಿ ನೋಡಿದ, ಗಾಡಿಯ ಸುಳಿವಿಲ್ಲ. ಹೊಸ ಫೋಮನ್ನು ಕೊರೆದು ಎಂಥ ತಗ್ಗನ್ನಾದರೂ ಮಾಡಬಲ್ಲ. ಆದರೆ ಅದು ಇವನ ಕತ್ತರಿಯ ತಗ್ಗು, ಅವಳ ಅಪ್ಪನದಲ್ಲ.

ಬರಿಗೈಯಲ್ಲಿ ಮರಳಿದಾಗ ಅವಳು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

"ಸಿಗಲಿಲ್ಲ. ಇನ್ನು ನನ್ನಿಂದ ಏನೂ ಮಾಡೋಕಾಗಲ್ಲ," ಎಂದ. "ನೀವಂದ್ರೆ ನಂಗೆ ಪ್ರಾಣ. ನಿಮ್ಮ ಬಾಡಿದ ಮುಖ ನೋಡೋಕಾಗ್ತಿರಲಿಲ್ಲ. ಏನಾದ್ರೂ ಮಾಡ್ಬೇಕು ಅಂತ ಹೋಗಿ, ಇದ್ದದ್ದನ್ನೂ ಕಳೆದುಬಿಟ್ಟೆ."

"ಇದನ್ನ ಹೇಳೋಕೆ ಒಳ್ಳೇ ಹೊತ್ತು ನೋಡಿದ್ರಿ," ಎಂದಳು. ನಗಲು ಹೋದಳು, ಅಳುವೇ ಉಕ್ಕಿ ಬಂತು. "ನಂಗೆ ನಿಮ್ಮ ಮೇಲೆ ತುಂಬಾ ಕೋಪ ಇದೆ."

"ಇರ್ಲಿ. ನಾನು ಹೋಗ್ಲಾ?"

ಅವಳು ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅವನು ಪಕ್ಕದಲ್ಲಿ ಕೂತ. ಸಮಾಧಾನದ ಮಾತೊಂದು ಬಾಯಿಗೆ ಬಂದು ಹಿಂದೆ ಹೋಯಿತು. ಒಳಗೆ ಅಮ್ಮ ಕೋಣೆಯಿಂದ ಕೋಣೆಗೆ ನಡೆದಾಡುವ ಸದ್ದು ಕೇಳಿಸುತ್ತಿತ್ತು.

"ಇವತ್ತು ಅಮ್ಮ ಎಲ್ಲಿ ಮಲಗ್ತಾರೆ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ," ಎಂದ.

ಅವಳು ಅವನ ಭುಜಕ್ಕೆ ಒರಗಿಕೊಂಡಳು.