ಏಳನೇ ಸೀಸೆಯ ಹರಳು

"ಬಂದಿದೆ! ಬಂದೇಬಿಟ್ಟಿದೆ! ಬೇಗ ಬನ್ನಿ ಇಲ್ಲಿ!"

ಅಮ್ಮನ ಕೂಗಿಗೆ ಬುಗುರಿ ಬೆಚ್ಚಿಬಿದ್ದಳು. ಅವಳ ಪೆನ್ಸಿಲ್ ಹೋಮ್‌ವರ್ಕ್ ಪುಸ್ತಕದ ಈ ತುದಿಯಿಂದ ಆ ತುದಿಗೆ ಗೀರು ಎಳೆಯಿತು. ಮೈಮೇಲೆ ಜಿರಳೆ ಹಾರಿ ಕೂತರೂ ಕೂಗದ ಅಮ್ಮ! ಈಗ ನೋಡಿದರೆ ಬೆರಳುದ್ದದ ಗಾಜಿನ ಸೀಸೆ ಹಿಡಿದುಕೊಂಡು ಲ್ಯಾಬ್‌ನ ನಡುವೆ ನಿಂತಲ್ಲೇ ಕುಣಿಯುತ್ತಿದ್ದಾಳೆ.

ಬುಗುರಿ ಅನ್ನುವುದು ಹಾಜರಿ ಪುಸ್ತಕದ ಹೆಸರಲ್ಲ ಬಿಡಿ. ನಿಂತರೆ ಅವಳ ಕಾಲು ಸುಮ್ಮನಿರುವುದಿಲ್ಲ, ಕೂತರೆ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಆ ಹೆಸರು. ಶಾಲೆ ಬಿಟ್ಟ ಮೇಲೆ ಅವಳು ಅಮ್ಮನ ಲ್ಯಾಬ್‌ಗೆ ಬಂದು ಮೂಲೆಯ ಮೇಜಿನಲ್ಲಿ ಕೂರುತ್ತಾಳೆ. ಅಮ್ಮನ ಷರತ್ತು ಒಂದೇ: ಏನನ್ನೂ ಮುಟ್ಟಬಾರದು. ಮುಟ್ಟಿದರೆ ಮತ್ತೆ ಲ್ಯಾಬ್‌ನೊಳಗೆ ಕಾಲಿಡುವ ಹಾಗಿಲ್ಲ.

ಪಕ್ಕದ ಕೋಣೆಯಿಂದ ನಕ್ಷತ್ರದ ಮಾಮ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದರು. ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡುವ ಅವರಿಗೆ ಬೇರೆ ಮಾತೇ ಗೊತ್ತಿಲ್ಲ.

"ಟಾರ್ಚ್ ಬಿಡಿ ಮೇಡಂ, ಟಾರ್ಚ್ ಬಿಡಿ!"

ಅಮ್ಮ ದೀಪ ಆರಿಸಿ ಯು.ವಿ. ಟಾರ್ಚ್ ಹಿಡಿದಳು. ಸೀಸೆಯ ತಳದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹರಳೊಂದು ಫಕ್ಕನೆ ನೀಲಿಯಾಗಿ ಹೊಳೆಯಿತು.

"ಅಬ್ಬಬ್ಬಾ!" ಅಂದಳು ಬುಗುರಿ. "ಮಾಮ, ಇದು ಯಾಕೆ ಬೇಕು?"

"ದೂರದಲ್ಲಿ ಎಲ್ಲೋ ಒಂದು ನಕ್ಷತ್ರ ಢಮಾರ್ ಅಂತ ಸಿಡಿಯುತ್ತೆ ಅಂದ್ಕೋ. ಅದರಿಂದ ಕಣ್ಣಿಗೆ ಕಾಣದ ಕಿರಣ ಬರುತ್ತೆ. ಅದು ಈ ಹರಳಿಗೆ ಬಡಿದ್ರೆ ಮಿಣುಕ್ ಅಂತ ಬೆಳಕು! ಆಕಾಶಕ್ಕೆ ಹಾರಿಸೋ ಟೆಲಿಸ್ಕೋಪ್‌ನಲ್ಲಿ ಇಂಥವನ್ನ ಕೂರಿಸ್ತಾರೆ. ಇಷ್ಟು ಚೆನ್ನಾಗಿ ಹೊಳೆಯೋದನ್ನ ಮಾತ್ರ ನಾನು ಇದುವರೆಗೆ ನೋಡೇ ಇಲ್ಲ ಕಣೇ!"

ಹರಳಿನ ವಸ್ತುವನ್ನು ಅಮ್ಮನೇ ಲ್ಯಾಬ್‌ನಲ್ಲಿ ತಯಾರಿಸಿ, ದ್ರಾವಣ ಮಾಡಿ ಸೀಸೆಗಳಲ್ಲಿ ಮುಚ್ಚಿಡುತ್ತಿದ್ದಳು. ಆದರೆ ಎರಡು ವರ್ಷದಿಂದ ಸೀಸೆಯಲ್ಲಿ ಬರೀ ಬಿಳೀ ಪುಡಿ ಬರುತ್ತಿತ್ತು. ಪುಡಿಯಿಂದ ಉಪಯೋಗವಿಲ್ಲ, ಹರಳೇ ಬೇಕು. ಈ ಸಲ ಇಟ್ಟ ಹನ್ನೆರಡು ಸೀಸೆಗಳಲ್ಲಿ ಏಳನೆಯದರಲ್ಲಿ ಮಾತ್ರ ಅದು ಹುಟ್ಟಿತ್ತು.

ಏಳನೆಯದು ಅಂತ ಕೇಳಿದ್ದೇ ತಡ, ಬುಗುರಿಯ ನಗು ಅಲ್ಲೇ ನಿಂತಿತು.

ಸೋಮವಾರ ಅಮ್ಮ ಫೋನಿನಲ್ಲಿದ್ದಾಗ ಅವಳು ಒಂದು ಸೀಸೆ ಎತ್ತಿ, ಮೇಜಿನ ಮೇಲೆ ಮಲಗಿಸಿ ಗಿರಗಿರ ತಿರುಗಿಸಿದ್ದಳು. ಅದರ ಮೇಲೆ ಏಳು ಅಂತ ಬರೆದಿತ್ತು. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ವಾಪಸ್ ಇಟ್ಟಿದ್ದಳು. ಸದ್ಯ, ಯಾರೂ ನೋಡಿರಲಿಲ್ಲ.

"ಇನ್ನೊಂದು ಸಲ ಬರಬೇಕು ಮೇಡಂ," ಅಂದರು ಮಾಮ. "ಒಂದೇ ಒಂದು ತೋರಿಸಿದ್ರೆ ಟೆಲಿಸ್ಕೋಪ್‌ನವರು ನಂಬಲ್ಲ. ತಿಂಗಳ ಕೊನೆವರೆಗೆ ಟೈಮ್ ಕೊಟ್ಟಿದ್ದಾರೆ. ಆಮೇಲೆ ಬೇರೆಯವರ ಹರಳು ತಗೋತಾರೆ."

"ಬಾರದೇ ಎಲ್ಲಿಗೆ ಹೋಗುತ್ತೆ?" ಅಂದಳು ಅಮ್ಮ. ನೋಟ್‌ಬುಕ್‌ನಲ್ಲಿದ್ದ ಹಾಗೇ ಮತ್ತೆ ಹನ್ನೆರಡು ಸೀಸೆ ಇಟ್ಟಳು.

ಹತ್ತು ದಿನ ಕಳೆಯಿತು. ಹನ್ನೆರಡರಲ್ಲೂ ಪುಡಿ! ಅಮ್ಮ ಊಟದ ತಟ್ಟೆ ಮುಂದೆ ಕೂತು ಗೋಡೆ ನೋಡುತ್ತಿದ್ದಳು. ಒಂದು ದಿನವಂತೂ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಬುಗುರಿ ಗಟಗಟ ನೀರು ಕುಡಿದಳೇ ಹೊರತು ಸೀಸೆಯ ವಿಷಯ ಎತ್ತಲಿಲ್ಲ. ಬಾಯಿ ಬಿಟ್ಟರೆ ಲ್ಯಾಬ್ ಇಲ್ಲ, ಟಾರ್ಚ್ ಇಲ್ಲ, ಮಾಮನ ನಕ್ಷತ್ರದ ಕತೆಯೂ ಇಲ್ಲ.

ಮರುದಿನ ಲ್ಯಾಬ್‌ನಲ್ಲಿ ಅಮ್ಮ ನೋಟ್‌ಬುಕ್ ಮುಚ್ಚಿಟ್ಟಳು. "ತಪ್ಪು ನಂದೇ. ಏಳನೇದಕ್ಕೆ ಏನೋ ಬೇರೆ ಮಾಡಿದ್ದೀನಿ, ಬರೆಯೋಕೆ ಮರ್ತಿದ್ದೀನಿ. ಇಷ್ಟು ವರ್ಷ ಕೆಲಸ ಮಾಡಿ ಇದೊಂದು ಗೊತ್ತಾಗಲಿಲ್ವಲ್ಲ ನಂಗೆ!"

ಅಮ್ಮನ ದನಿ ನಡುಗುತ್ತಿತ್ತು. ಬುಗುರಿ ಮೂಲೆಯ ಮೇಜಿನಿಂದ ಎದ್ದು ಅವಳ ಹತ್ತಿರ ಬಂದಳು.

"ನೀನು ಏನೂ ಮರ್ತಿಲ್ಲ ಅಮ್ಮಾ. ಏಳನೇ ಸೀಸೇನ ನಾನು... ನಾನು ತಿರುಗಿಸಿದ್ದೆ."

"ತಿರುಗಿಸಿದ್ದೆ ಅಂದ್ರೆ?"

"ಮೇಜಿನ ಮೇಲೆ ಮಲಗಿಸಿ. ಗಿರಗಿರಾಂತ."

ಅಮ್ಮನ ಮುಖ ಕೆಂಪಾಯಿತು. "ಏನೇ ಇದು? ಸೀಸೆ ಒಡೆದು ಮೈಮೇಲೆ ಚೆಲ್ಲಿದ್ರೆ ಏನೇ ಗತಿ? ಎಷ್ಟು ಸಲ ಹೇಳಿದ್ದೀನಿ..." ಅಂದವಳು ಅಲ್ಲೇ ನಿಲ್ಲಿಸಿದಳು. "ಇರು ಇರು. ಮಲಗಿಸಿ ಅಂದ್ಯಾ? ಎಷ್ಟು ಸುತ್ತು?"

"ಹನ್ನೊಂದು. ಎಣಿಸಿದ್ದೆ."

"ಜೋರಾಗೋ, ನಿಧಾನಕ್ಕೋ?" ಮಾಮ ಆಗಲೇ ಪೆನ್ನು ಎತ್ತಿಕೊಂಡಿದ್ದರು.

"ಮೊದಲು ಜೋರು, ಆಮೇಲೆ ನಿಧಾನ."

ಅಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಅಷ್ಟೇನಾ! ದ್ರಾವಣ ಮೇಲಿನ ಗಾಜಿಗೆ ಅಂಟಿ ಒಣಗಿದೆ. ಅಲ್ಲೊಂದು ಚೂರು ಹರಳಾಗಿ ಕೆಳಗೆ ಬಿದ್ದಿದೆ. ಬೀಜ ಬಿದ್ದ ಹಾಗೆ! ಅದೇ ಬೆಳೆದಿರೋದು!"

ಹೊಸ ಸೀಸೆಗಳನ್ನು ಹಾಗೇ ತಿರುಗಿಸಿಡಲು ಇಬ್ಬರೂ ಓಡಿದರು. ಬುಗುರಿ ಮೆಲ್ಲಗೆ ಕೇಳಿದಳು, "ಹಾಗಾದ್ರೆ ನಂಗೆ ಶಿಕ್ಷೆ ಇಲ್ಲ ಅಲ್ವಾ?"

"ಯಾಕಿಲ್ಲ? ಮಾತು ಅಂದ್ರೆ ಮಾತು. ನಾಳೆಯಿಂದ ಹೊರಗಿನ ಬೆಂಚು," ಅಂದಳು ಅಮ್ಮ. ಆದರೆ ಹಾಗೆ ಹೇಳುತ್ತಲೇ ಅವಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು.

ಹೊರಗಿನ ಬೆಂಚು ಗಟ್ಟಿ. ಅಲ್ಲಿಂದ ಗಾಜಿನ ಬಾಗಿಲಾಚೆ ಅಮ್ಮನ ಬೆನ್ನಷ್ಟೇ ಕಾಣುತ್ತದೆ. ನಾಲ್ಕು ದಿನ ಬುಗುರಿ ಅಲ್ಲೇ ಕೂತು ಗುಣಾಕಾರ ಮಾಡಿದಳು. ತಿಂಗಳು ಮುಗಿಯಲು ಮೂರೇ ದಿನ ಉಳಿದಿತ್ತು.

ಐದನೇ ದಿನ ಒಳಗಿನ ದೀಪ ಆರಿತು. ಯಾರೋ ಕಿಟಕಿಯ ಪರದೆ ಎಳೆದರು. ಬುಗುರಿ ಪುಸ್ತಕ ಬಿಸಾಕಿ ಬಾಗಿಲ ಗಾಜಿಗೆ ಮೂಗು ಒತ್ತಿದಳು. ಕತ್ತಲಲ್ಲಿ ಒಂದು ನೀಲಿ ಹೊಳೆಯಿತು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಮತ್ತೊಂದು!

ಒಳಗೆ ಮಾಮ ಕುಣಿಯಲು ಹೋಗಿ ಸ್ಟೂಲಿಗೆ ಮೊಣಕಾಲು ಬಡಿಸಿಕೊಂಡ ಸದ್ದು ಕೇಳಿಸಿತು. ಅಮ್ಮ ಬಾಗಿಲ ಬಳಿ ಬಂದು, ಗಾಜಿನ ಆ ಕಡೆಯಿಂದ ಮೂರು ಬೆರಳು ತೋರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು.

ಬುಗುರಿಯೂ ಈ ಕಡೆಯಿಂದ ಮೂರು ಬೆರಳು ಎತ್ತಿದಳು. ಆ ಮೂರು ಸೀಸೆಗಳಲ್ಲಿ ಒಂದನ್ನೂ ಅವಳು ಮುಟ್ಟಿರಲಿಲ್ಲ. ನಡೆದದ್ದನ್ನು ಹೇಳಿದ್ದಳು, ಅಷ್ಟೆ.