ನಡೀನಳ ಎಡಗೈ ಪಿಸ್ತೂಲು

ಗುರುವಾರ ಬೆಳಿಗ್ಗೆ ಹಾರ್ಲನ್ ಪೆಟಿಗ್ರೂ ತನ್ನ ಬಂದೂಕಿನ ಅಂಗಡಿಯ ಹಿಂಬಾಗಿಲಲ್ಲಿ ಸತ್ತುಬಿದ್ದಿದ್ದ. ಎದೆಗೆ ಒಂದೇ ಗುಂಡು. ಹತ್ತು ಹೆಜ್ಜೆ ಆಚೆ ಹುಲ್ಲಿನಲ್ಲಿ ಒಂದು ಪುಟ್ಟ ಪಿಸ್ತೂಲು. ಅದರ ನಂಬರು ಅಂಗಡಿಯ ಮಾರಾಟದ ಕಾಗದದಲ್ಲೇ ಇತ್ತು. ಕೊಂಡವಳು ನಡೀನ್ — ಹಾರ್ಲನ್‌ನನ್ನು ಬಿಟ್ಟು ಹೋದ ಹೆಂಡತಿ.

ಓಕ್ಲಹೋಮಾದ ಆ ಸಣ್ಣ ಊರಿಗೆ ಇಷ್ಟು ಸಾಕಾಗಿತ್ತು. ಮಧ್ಯಾಹ್ನದೊಳಗೆ ಊರೆಲ್ಲ ಮನಸ್ಸಿನಲ್ಲೇ ಅವಳನ್ನು ಜೈಲಿಗಟ್ಟಿ ಕೈತೊಳೆದುಕೊಂಡಿತ್ತು. ಶೆರಿಫನ ಕಚೇರಿಯ ಹಳೆಯ ತನಿಖಾಧಿಕಾರಿ ಓಡೆಲ್ ಟ್ರಿಂಬಲ್‌ಗೆ ಮಾತ್ರ ಅವಸರವಿರಲಿಲ್ಲ. ಅವನಿಗೆ ಯಾವುದಕ್ಕೂ ಅವಸರವಿರುತ್ತಿರಲಿಲ್ಲ; ಹೆಂಡತಿಯ ದೂರೂ ಅದೇ.

"ನನ್ ಪಿಸ್ತೂಲು ನನ್ ಬ್ಯಾಗಲ್ಲೇ ಇದೆ ಸಾರ್!" ಎಂದಳು ಕಚೇರಿಗೆ ಕರೆತಂದ ನಡೀನ್.

ಇತ್ತು. ಅದೇ ಕಂಪನಿ, ಅದೇ ಮಾದರಿ. ನಂಬರು ಬೇರೆ! ಅಂಗಡಿಯ ಪಾಲುದಾರ ರಾಯ್ಸ್ ಮಬ್ರಿಗೆ ಫೋನ್ ಮಾಡಿದರು. ಹಾರ್ಲನ್ ಅಂಗಡಿ ಮಾರಲು ಹೊರಟಾಗಿನಿಂದ ಅವನೊಡನೆ ಮಾತು ಬಿಟ್ಟಿದ್ದ ಮನುಷ್ಯ. ಬ್ಯಾಗಿನಲ್ಲಿದ್ದ ಆ ನಂಬರಿನದು ಅಂಗಡಿಯ ತನ್ನ ಕಪಾಟಿನಿಂದ ಕಳುವಾಗಿದೆ ಎಂದ.

"ಒಂದು ಕೊಂಡ್ಲು, ಒಂದು ಕದ್ಲು. ಕೊಂಡಿದ್ರಲ್ಲಿ ಗಂಡನ್ನ ಹೊಡೆದ್ಲು. ಮುಗೀತಲ್ಲ ಸಾರ್?" ಎಂದ ಕಿರಿಯ ಡೆಪ್ಯುಟಿ ವೆಸ್.

"ಕದ್ದಿದ್ದು ಕೈಲಿರುವಾಗ ತನ್ನ ಹೆಸರಲ್ಲಿರೋದ್ರಿಂದ ಯಾಕಯ್ಯ ಹೊಡೀತಾಳೆ?"

ಓಡೆಲ್ ನಡೀನಳತ್ತ ತಿರುಗಿದ.

"ಯಾಕಮ್ಮ ಕೊಂಡೆ?"

"ಹಾರ್ಲನ್ ಕುಡಿದು ಬಂದು ಬಾಗಿಲು ಒದೀತಿದ್ದ. ಒಂದು ಇಟ್ಕೋ ಅಂತ ರಾಯ್ಸೇ ಹೇಳ್ದ. ನಾಲ್ಕು ನೋಡ್ದೆ. ನಾನು ಎಡಚಿ ನೋಡಿ — ಒಂದರ ಲಾಕು ನನ್ ಹೆಬ್ಬೆರಳಿಗೆ ಎಟುಕ್ಲಿಲ್ಲ, ಎರಡು ಬ್ಯಾಗಿಗೆ ದಪ್ಪ. ಇದು ಒಗ್ತು. ಆದ್ರೆ ಗುಂಡು ತುಂಬೋ ಮ್ಯಾಗಜಿನ್ ಬೀಳ್ಸೋ ಬಟನ್ ಎಡಗಡೆಗಿತ್ತು. ಬಲಗೈಯೋರಿಗೆ ಸರಿ, ನನಗೆ ಪೀಡೆ. ಮಂಗಳವಾರ ರಾಯ್ಸ್ ಹತ್ರ ಬಲಗಡೆಗೆ ಹಾಕಿಸ್ಕೊಂಡೆ."

"ವಾಪಸ್ ಕೊಟ್ಟಾಗ ನಂಬರು ನೋಡಿದ್ಯಾ?"

"ನಂಬರು ಯಾರು ನೋಡ್ತಾರೆ ಸಾರ್? ಬಟನ್ ನೋಡ್ದೆ."

ಓಡೆಲ್ ಎರಡನ್ನೂ ಖಾಲಿ ಮಾಡಿ, ಗುಂಡಿಲ್ಲದ ಮ್ಯಾಗಜಿನ್ ಸಿಕ್ಕಿಸಿ ಮೇಜಿನ ಮೇಲಿಟ್ಟ. "ಬೀಳ್ಸಮ್ಮ, ನೋಡೋಣ."

ಬ್ಯಾಗಿನದನ್ನು ಎಡಗೈಯಲ್ಲಿ ಹಿಡಿದಳು. ಹೆಬ್ಬೆರಳು ಒತ್ತಿತು, ಮ್ಯಾಗಜಿನ್ ಬಿತ್ತು. ಹುಲ್ಲಿನಲ್ಲಿ ಸಿಕ್ಕಿದ್ದನ್ನು ಹಿಡಿದಾಗ ಹೆಬ್ಬೆರಳು ಸುಮ್ಮನೆ ತಡವರಿಸಿತು. ಆ ಕಡೆ ಬಟನ್ನೇ ಇರಲಿಲ್ಲ. ಬೆಳಿಗ್ಗೆಯಿಂದ ಎಲ್ಲರೂ ನಂಬರು ಓದಿದ್ದರೇ ಹೊರತು ಬಟನ್ ನೋಡಿರಲಿಲ್ಲ. ಓಡೆಲ್‌ಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

"ರಾಯ್ಸನ್ನ ಕರಿ," ಎಂದ.

ರಾಯ್ಸ್ ಬಂದ, ಕಾಫಿ ಕುಡಿದ, ಹಾರ್ಲನ್‌ಗಾಗಿ ನಾಲ್ಕು ಒಳ್ಳೆಯ ಮಾತೂ ಆಡಿದ.

"ಆ ಬಟನ್ ಬದಲಾಯ್ಸಿದ್ದು ನೀನೇನಾ?"

"ನಾನೇ. ಅದರ ಸ್ಪ್ರಿಂಗು ದರಿದ್ರದ್ದು ಸಾರ್. ನಡೀನ್ ಏಳು ಜನ್ಮ ಎತ್ತಿದ್ರೂ ಆಗದ ಕೆಲಸ."

"ಅವಳು ಕೊಂಡಿದ್ದ ಪಿಸ್ತೂಲೇ? ಬೇರೇದಲ್ಲ ತಾನೆ?"

"ನಂಬರು ತಾಳೆ ನೋಡದೆ ನಾನು ಕೈ ಹಾಕಲ್ಲ. ಅದೊಂದಕ್ಕೇ ಮಾಡಿದ್ದು."

ಓಡೆಲ್ ಎರಡನ್ನೂ ಅವನ ಮುಂದೆ ತಳ್ಳಿದ.

"ಹಾಗಾದ್ರೆ ಅವಳು ಕೊಂಡಿದ್ದು ಇದು — ಹಾರ್ಲನ್‌ನ ಕೊಂದಿದ್ದು. ಬಟನ್ ಕಾರ್ಖಾನೇಲಿ ಇದ್ದ ಕಡೆಗೇ ಇದೆ. ನೀನು ಕಳುವಾಯ್ತು ಅಂದ ಇದಕ್ಕೆ ನಿನ್ ಕೈಕೆಲಸ ಆಗಿದೆ. ಕದ್ದ ಮಾಲಿಗೆ ಕಳ್ಳಿ ನಿನ್ ಹತ್ರಾನೇ ರಿಪೇರಿ ಮಾಡಿಸಿದ್ಲಾ?"

ರಾಯ್ಸ್ ಎರಡನ್ನೂ ತಿರುಗಿಸಿ ನೋಡಿ ಕೆಳಗಿಟ್ಟ.

"ಮಂಗಳವಾರ ಅವಳದನ್ನ ಇಟ್ಕೊಂಡೆ, ಕಪಾಟಿನದಕ್ಕೆ ಬಟನ್ ಬದಲಾಯ್ಸಿ ಕೊಟ್ಟೆ. ಅವಳ ಹೆಸರಿನದು ನಿನ್ ಕೈಲಿ ಉಳೀತು. ಮಾರೋಕೆ ಹೊರಟ ಹಾರ್ಲನ್ ಇಲ್ದೆ ಅಂಗಡೀನೂ ಉಳೀತಿತ್ತು — ಅವಳ ಪಿಸ್ತೂಲಿಗೂ ಬಟನ್ ತಿರುಗಿಸಿ ಹಾಕಿದ್ದಿದ್ರೆ. ನೀನು ಬಲಗೈಯೋನು, ನೆನಪಾಗ್ಲಿಲ್ಲ. ಹಾರ್ಲನ್‌ನ ಕೊಂದಿದ್ದು ನೀನು."

ವೆಸ್ ಬೇಡಿ ತೆಗೆದ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ನಡೀನ್, ರಾಯ್ಸ್ ಹಾದುಹೋಗುವುದನ್ನು ನೋಡಿದಳು. ಬಿಡುಗಡೆಯಾದ ಸಂತೋಷ ಅವಳ ಮುಖದಲ್ಲಿ ಕಾಣಲಿಲ್ಲ.

"ನನ್ ಎಡಗೈ ಹಿಡಿದು ಗುರಿ ಕಲಿಸಿದ್ದೂ ಇವನೇ ಸಾರ್," ಎಂದಳು. "ಹಾರ್ಲನ್‌ಗೆ ಹೆದರಿ ಇವನ ಹತ್ರ ಓಡ್ಬಂದಿದ್ದೆ."