ಬೆಕ್ಕೂ ಮುಟ್ಟದ ಏಡಿ ಉಂಡೆ

“ತಿನ್ನಕ್ಕಾ! ಯಾಕೆ ಸುಮ್ನೆ ಹಿಡ್ಕೊಂಡು ನಿಂತಿದ್ದೀಯಾ?”

ಕೇಳಿದವನು ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದ ಒಬ್ಬ ಪುಟ್ಟ ಹುಡುಗ. ಗಿಣಿ ಎಂಬ ಆ ಅಕ್ಕನ ಬೆರಳುಗಳ ನಡುವೆ ಆಗಷ್ಟೇ ಬೇಯಿಸಿದ ಸಿಗಡಿಯೊಂದು ಬಾಲ ಮಡಚಿಕೊಂಡು ತೂಗುತ್ತಿತ್ತು. ಸುತ್ತ ನಿಂತವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

“ತಿಂತೀನಿ ಕಣೋ, ಏನವಸರ? ಅಯ್ಯೋ, ಅಲ್ಲಿ ನೋಡಿ, ಎಷ್ಟು ದೊಡ್ಡ ಹಡಗು!”

ಎಲ್ಲರೂ ಸಮುದ್ರದ ಕಡೆ ತಿರುಗಿದರು. ಹಡಗು ಇತ್ತು, ನಿಜ. ಬೆಳಗಿನಿಂದಲೂ ಅಲ್ಲೇ ಇತ್ತು. ಅವರು ಮತ್ತೆ ಇತ್ತ ತಿರುಗುವಷ್ಟರಲ್ಲಿ ಗಿಣಿಯ ಬೆರಳುಗಳು ಖಾಲಿ. ಕೆನ್ನೆ ಉಬ್ಬಿಸಿಕೊಂಡು ಬರೀ ಗಾಳಿಯನ್ನು ಜಗಿಯುತ್ತಿದ್ದಳು. ಸಿಗಡಿ ಅವಳ ಜಾಕೆಟ್ಟಿನ ಜೇಬಿನಲ್ಲಿ ಬೆಚ್ಚಗೆ ಕುಳಿತಿತ್ತು.

“ಆಹಾ!” ಎಂದು ಕಣ್ಣು ಮುಚ್ಚಿದಳು ಗಿಣಿ. “ಮೊದಲು ಉಪ್ಪು. ಆಮೇಲೆ ಸಿಹಿ. ಆ ಸಿಹಿ ಇದೆಯಲ್ಲ, ಅದು ಸಿಗಡಿ ನಮಗೆ ಹೇಳೋ ಥ್ಯಾಂಕ್ಯೂ!”

ಎಲ್ಲರೂ ನಕ್ಕರು. ಪುಟ್ಟ ಹುಡುಗ ಮಾತ್ರ ಹುಬ್ಬು ಗಂಟಿಕ್ಕಿದ.

“ನಾವು ಅದನ್ನ ತಿಂದಿದ್ದಕ್ಕೆ ಅದ್ಯಾಕೆ ಥ್ಯಾಂಕ್ಸ್ ಹೇಳುತ್ತೆ?”

ಆ ಮಾತು ಗಿಣಿಯದ್ದಾಗಿದ್ದರಲ್ಲವೇ ಉತ್ತರ ಗೊತ್ತಿರುವುದು? ಅದು ಚಿಕ್ಕಿಯ ಮಾತು.

ಗಿಣಿಗೆ ಒಳ್ಳೆಯ ಉದ್ದನೆಯ ಹೆಸರೊಂದಿದೆ. ಅದು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಹಾಯಾಗಿ ಮಲಗಿದೆ. ಮನೆಯಲ್ಲಿ, ಬೀದಿಯಲ್ಲಿ, ಕ್ಲಾಸಿನಲ್ಲಿ ಎಲ್ಲರಿಗೂ ಅವಳು ಗಿಣಿಯೇ. ಒಮ್ಮೆ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಒಪ್ಪಿಸುವವಳು. ಬಸ್ ಕಂಡಕ್ಟರು, ಹೆಡ್ ಮಿಸ್ಸು, ಟಿವಿಯಲ್ಲಿ ಮಳೆ ಬರುತ್ತೆ ಅಂತ ಹೇಳುವಾಕೆ, ಯಾರ ಮಾತು ಬೇಕು ಹೇಳಿ, ಗಿಣಿಯ ಬಾಯಲ್ಲಿ ರೆಡಿ.

ಅವಳ ಚಿಕ್ಕಿಗೆ, ಅಂದರೆ ಅಮ್ಮನ ತಂಗಿಗೆ, ಒಂದು ರುಚಿರುಚಿಯಾದ ಕೆಲಸ. ಪ್ರತಿ ಭಾನುವಾರ ಊರು ನೋಡಲು ಬಂದವರನ್ನು ಕಡಲ ಕಟ್ಟೆಯುದ್ದಕ್ಕೂ ನಡೆಸಿಕೊಂಡು ಹೋಗಬೇಕು. ಒಂದೊಂದು ಅಂಗಡಿಯಲ್ಲಿ ನಿಲ್ಲಿಸಿ ಸಮುದ್ರದ ತಿನಿಸುಗಳ ರುಚಿ ತೋರಿಸಬೇಕು, ಅವುಗಳ ಕತೆ ಹೇಳಬೇಕು. ಇದಕ್ಕೆ ‘ರುಚಿ ನಡಿಗೆ’ ಎಂದು ಹೆಸರು. ಚಿಕ್ಕಿಯ ಕೈಯಲ್ಲಿ ಯಾವಾಗಲೂ ಒಂದು ಹಳದಿ ಛತ್ರಿ. ಅದು ಮಳೆಗೂ ಅಲ್ಲ, ಬಿಸಿಲಿಗೂ ಅಲ್ಲ. ಜನಜಂಗುಳಿಯಲ್ಲಿ ಯಾರೂ ಕಳೆದುಹೋಗದಿರಲಿ ಎಂದು ಎತ್ತಿ ಹಿಡಿಯುವುದಕ್ಕೆ.

ಈ ಕೆಲಸದಲ್ಲಿ ಒಂದೇ ಒಂದು ಕಟ್ಟುನಿಟ್ಟು. ಯಾವ ಅಂಗಡಿಯಲ್ಲೇ ಆಗಲಿ, ಮೊದಲ ತುತ್ತು ಛತ್ರಿ ಹಿಡಿದವರದ್ದು. ಅವರು ತಿಂದು, ಚೆನ್ನಾಗಿದೆ ಅಂದ ಮೇಲೆಯೇ ಉಳಿದವರಿಗೆ ತಟ್ಟೆ.

ಈ ಭಾನುವಾರ ಬೆಳಿಗ್ಗೆ ಎದ್ದಾಗ ಚಿಕ್ಕಿಯ ಗಂಟಲು ಕೈಕೊಟ್ಟಿತ್ತು. ಬಾಯಿ ತೆಗೆದರೆ ಸೈಕಲ್ ಟಯರಿನಿಂದ ಗಾಳಿ ಹೋದ ಹಾಗೆ ಬರೀ ‘ಫುಸ್’.

“ನಾನು ಹೇಳ್ತೀನಿ ಚಿಕ್ಕಿ! ನಂಗೆ ಎಲ್ಲಾ ಬಾಯಿಪಾಠ! ಪ್ಲೀಸ್ ಪ್ಲೀಸ್ ಪ್ಲೀಸ್!” ಎಂದು ಗಿಣಿ ಮಂಚದ ಮೇಲೆ ಕುಣಿದಿದ್ದಳು.

ಚಿಕ್ಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಫುಸ್ ಫುಸ್ ಎಂದೇ ಹೇಳಿದ್ದಳು: “ಇವತ್ತು ಸರಿಯಾಗಿ ಮಾಡಿದ್ರೆ... ಇನ್ಮೇಲೆ ಪ್ರತಿ ವಾರ... ಅರ್ಧ ದಾರಿ ಛತ್ರಿ ನಿಂದು.”

ಅರ್ಧ ದಾರಿ ಛತ್ರಿ! ಗಿಣಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಖುಷಿಯಲ್ಲಿ ಒಂದು ಸಣ್ಣ ವಿಷಯ ಮರೆತೇಹೋಯಿತು. ಗಿಣಿ ಹುಟ್ಟಿದಾಗಿನಿಂದ ಒಂದೇ ಒಂದು ಮೀನನ್ನೂ ತಿಂದವಳಲ್ಲ.

ತಟ್ಟೆಯಲ್ಲಿರುವ ಮೀನು ತನ್ನನ್ನೇ ದುರುಗುಟ್ಟಿ ನೋಡುತ್ತದೆ ಎಂದು ಅವಳಿಗೆ ಅನುಮಾನ. ಚಿಕ್ಕಿ ಏನಾದರೂ ಕೊಡಲು ಬಂದಾಗಲೆಲ್ಲ ‘ಈಗಷ್ಟೇ ತಿಂದೆ’, ‘ಹಲ್ಲುನೋವು’, ‘ನಾಳೆ ಟೆಸ್ಟು’ ಎಂದು ಜಾರಿಕೊಳ್ಳುತ್ತಿದ್ದಳು. ಮೀನಿಗೂ ಟೆಸ್ಟಿಗೂ ಏನು ಸಂಬಂಧ ಅಂತ ಚಿಕ್ಕಿ ಯಾವತ್ತೂ ಕೇಳಿರಲಿಲ್ಲ.

ಹಾಗಾಗಿ ಈಗ ಛತ್ರಿ ಕೈಯಲ್ಲಿತ್ತು, ಸಿಗಡಿ ಜೇಬಿನಲ್ಲಿತ್ತು. ಚಿಕ್ಕಿ ಎಲ್ಲರಿಗಿಂತ ಹಿಂದೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಾ ಬರುತ್ತಿದ್ದಳು.

ದಾರಿಯಲ್ಲಿ ಕಲ್ಲುಬೆಂಚೊಂದು ಬಂತು. ಗಿಣಿ ಷೂ ಲೇಸು ಕಟ್ಟುವವಳ ಹಾಗೆ ಬಗ್ಗಿ, ಸಿಗಡಿಯನ್ನು ಬೆಂಚಿನ ಹಿಂದೆ ಬಿಟ್ಟಳು. ಅದು ನೆಲ ಮುಟ್ಟಿತೋ ಇಲ್ಲವೋ, ಎಲ್ಲಿತ್ತೋ ಏನೋ, ಕಿವಿಯ ತುದಿ ಹರಿದಿದ್ದ ಒಂದು ಕಂದು ಬೆಕ್ಕು ಗಬಕ್ಕನೆ ಬಂದು ಮುಗಿಸಿಬಿಟ್ಟಿತು. ಮುಗಿಸಿ, ಇನ್ನೊಂದು ಕೊಡು ಎನ್ನುವಂತೆ ಗಿಣಿಯ ಮುಖ ನೋಡಿತು.

“ಹೋಗ್, ಹೋಗ್,” ಎಂದು ಗಿಣಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಬೆಕ್ಕು ಹೋಗುತ್ತದೆಯೇ? ಊಟ ಹಾಕಿದವರನ್ನು ಬಿಟ್ಟು?

ಎರಡನೇ ಅಂಗಡಿಯಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನಿನ ತೆಳ್ಳನೆಯ ಚೂರು. “ಇದು ಹೊಗೆಯ ಸ್ವೆಟರ್ ಹಾಕ್ಕೊಂಡಿರೋ ಮೀನು!” ಎಂದಳು ಗಿಣಿ. ಚಿಕ್ಕಿಯದೇ ಮಾತು, ಚಿಕ್ಕಿಯದೇ ಧಾಟಿ, ಕೈ ತಿರುಗಿಸುವುದೂ ಚಿಕ್ಕಿಯ ಹಾಗೇ. ದೊಡ್ಡ ಟೋಪಿ ಹಾಕಿದ್ದ ತಾತ ಒಬ್ಬರು “ಆಹಾ, ಸ್ವೆಟರ್! ಕರೆಕ್ಟ್!” ಎಂದು ಚಪ್ಪಾಳೆ ತಟ್ಟಿದರು. ಎಲ್ಲದರ ಫೋಟೋ ತೆಗೆಯುತ್ತಿದ್ದ ಅಕ್ಕ ಒಬ್ಬಳು ಆ ಚೂರಿನದ್ದೂ ಫೋಟೋ ತೆಗೆದಳು. ಗಿಣಿಯ ಚೂರು ಜೇಬಿಗಿಳಿದು, ಅಲ್ಲಿಂದ ಬೆಕ್ಕಿನ ಹೊಟ್ಟೆಗಿಳಿಯಿತು.

ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಛತ್ರಿ ಆಗಲೇ ತನ್ನದೇ ಅನ್ನಿಸತೊಡಗಿತು. ಆದರೆ ಹಲ್ಲಿಲ್ಲದ ಹುಡುಗ ಮಾತ್ರ ಹಡಗು ನೋಡುವುದನ್ನು ಬಿಟ್ಟು ಬೆಕ್ಕನ್ನು ನೋಡತೊಡಗಿದ್ದ.

ಮೂರನೆಯದು ಬಾಣಲಿ ಮಾಮನ ಅಂಗಡಿ. ಇಲ್ಲಿಯ ಏಡಿ ಉಂಡೆ ಅಂದರೆ ಇಡೀ ಕಟ್ಟೆಗೇ ಪ್ರಸಿದ್ಧ. ಏಡಿಯ ಬಿಳಿ ಮಾಂಸವನ್ನು ಬಿಡಿಸಿ, ಉಂಡೆ ಕಟ್ಟಿ, ಹಿಟ್ಟಿನಲ್ಲಿ ಅದ್ದಿ, ಹೊಂಬಣ್ಣ ಬರುವ ತನಕ ಕರಿಯುತ್ತಾನೆ. ಇವತ್ತು ಮಾಮನಿಗೆ ಬೇರೆಯೇ ಗಡಿಬಿಡಿ. ಗ್ಯಾಸ್ ಖಾಲಿಯಾಗಿ, ಹೊಸ ಸಿಲಿಂಡರನ್ನು ಹಿತ್ತಲಿನಿಂದ ಉರುಳಿಸಿಕೊಂಡು ಬರುತ್ತಿದ್ದ.

“ಕರಿದು ಇಟ್ಟಿದ್ದೀನಿ ಕಣೇ ಗಿಣಿ, ಮುಚ್ಚಿಟ್ಟಿರೋ ತಟ್ಟೆ ತಗೊಂಡು ಕೊಡು!” ಎಂದು ಒಳಗಿನಿಂದಲೇ ಕೂಗಿದ.

ಮುಚ್ಚಿಟ್ಟ ತಟ್ಟೆ ಎರಡಿದ್ದವು. ಗಿಣಿ ಹತ್ತಿರವಿದ್ದದ್ದನ್ನು ತೆಗೆದಳು. ದುಂಡಗೆ, ಹೊಂಬಣ್ಣದ ಉಂಡೆಗಳು. ತನ್ನದನ್ನು ಎತ್ತಿಕೊಂಡಳು, “ಅಲ್ಲಿ ಗೂಡಂಗಡಿ ಮೇಲೆ ಎಂಥಾ ಹಕ್ಕಿ!” ಎಂದಳು, ಜೇಬಿಗೆ ಹಾಕಿದಳು, ಗಾಳಿ ಜಗಿದಳು.

“ಏಡಿ ಅಡ್ಡಡ್ಡ ನಡೆಯುತ್ತೆ, ಆದ್ರೆ ಅದರ ರುಚಿ ನೆಟ್ಟಗೆ ಎದೆಗೇ ಬರುತ್ತೆ! ಬೆಣ್ಣೆಯ ಹಾಗೆ ಮೆತ್ತಗೆ, ಅಲೆಯ ಹಾಗೆ ಹಗುರ. ತಗೊಳ್ಳಿ, ತಗೊಳ್ಳಿ!”

ಎಲ್ಲರೂ ಬಾಯಿಗಿಟ್ಟುಕೊಂಡರು.

“ಆಹಾ, ಅಲೆ!” ಎಂದರು ಟೋಪಿ ತಾತ. “ನಾಲಿಗೆ ಮೇಲೆ ಬಂದು ಬಂದು ಹೋಗ್ತಾ ಇದೆ!”

“ಎಷ್ಟು ಏಡಿ ಏಡಿಯಾಗಿದೆ ಅಲ್ವಾ?” ಎಂದಳು ಫೋಟೋ ಅಕ್ಕ.

“ಇದು ಆಲೂಗಡ್ಡೆ,” ಎಂದ ಹಲ್ಲಿಲ್ಲದ ಹುಡುಗ.

“ಶ್ಶ್!” ಎಂದರು ಅವನ ಅಮ್ಮ.

“ಆಲೂಗಡ್ಡೆನೇ ಅಮ್ಮಾ. ನಂಗೆ ಆಲೂಗಡ್ಡೆ ಗೊತ್ತಿಲ್ವಾ?”

“ಮಗು ಅಲ್ವೇ, ನಾಲಿಗೆ ಇನ್ನೂ ಪಳಗಿಲ್ಲ,” ಎಂದು ಟೋಪಿ ತಾತ ಅವನ ತಲೆ ಸವರಿದರು. ಎಲ್ಲರೂ ನಕ್ಕರು.

ಹುಡುಗನ ಮುಖ ಕೆಂಪಾಯಿತು. ಅವನು ನೆಲದತ್ತ ಬೆರಳು ತೋರಿಸಿದ. “ಬೆಕ್ಕೂ ತಿನ್ನಲಿಲ್ಲ! ಅಕ್ಕ ಅದಕ್ಕೆ ಕೊಟ್ಳು. ಸಿಗಡಿ ತಿಂತು, ಮೀನು ತಿಂತು, ಇದನ್ನ ಮೂಸಿ ಬಿಟ್ಟುಬಿಡ್ತು!”

ಗಿಣಿ ಕೆಳಗೆ ನೋಡಿದಳು. ಯಾರೂ ನೋಡದಿರಲಿ ಎಂದು ಅವಳು ಆಗಲೇ ಕಾಲ ಹತ್ತಿರ ಜಾರಿಸಿದ್ದ ಉಂಡೆ ಹಾಗೇ ಬಿದ್ದಿತ್ತು. ಅದರ ಪಕ್ಕ ಬೆಕ್ಕು ಮೀಸೆ ನೆಕ್ಕುತ್ತಾ, ಇದನ್ನೆಲ್ಲ ತಿನ್ನುವ ಮನೆತನ ನಮ್ಮದಲ್ಲ ಎನ್ನುವಂತೆ ಕುಳಿತಿತ್ತು.

ಹುಡುಗನ ಅಮ್ಮ ಉಂಡೆಯನ್ನು ನೋಡಲೇ ಇಲ್ಲ. ಅವರಿಗೆ ನಾಚಿಕೆಯಾಗಿತ್ತು. “ಅಷ್ಟು ಚೆನ್ನಾಗಿ ಹೇಳ್ತಿರೋ ಅಕ್ಕನ ಮೇಲೆ ಸುಳ್ಳು ಹೇಳ್ತೀಯಾ? ಕೈಜಾರಿ ಬಿದ್ದಿರುತ್ತೆ. ಸಾರಿ ಹೇಳು ಅವಳಿಗೆ.”

“ನಾನು ಸುಳ್ಳು ಹೇಳ್ಲಿಲ್ಲ.”

“ಹೇಳು ಅಂದೆ.”

ಹುಡುಗ ಗಿಣಿಯನ್ನು ನೋಡಿದ. ಅವನ ಕೆಳತುಟಿ ಅಲುಗುತ್ತಿತ್ತು. ಗಿಣಿಯ ಲೆಕ್ಕದಲ್ಲಿ, ಇಡೀ ಕಟ್ಟೆಯ ಮೇಲೆ ಅವನು ಹೇಳಿದ್ದು ನಿಜ ಅಂತ ಗೊತ್ತಿದ್ದವರು ಇಬ್ಬರೇ. ಒಂದು ಬೆಕ್ಕು, ಇನ್ನೊಂದು ಗಿಣಿ. ಬೆಕ್ಕಿಗೆ ಮಾತು ಬಾರದು.

“ಸಾರಿ ಅ...”

“ಬೇಡ!” ಎಂದಳು ಗಿಣಿ.

ತಟ್ಟೆಯಲ್ಲಿ ಕೊನೆಯ ಉಂಡೆಯೊಂದು ಉಳಿದಿತ್ತು. ಅದನ್ನೆತ್ತಿಕೊಂಡಳು. ಈ ಸಲ ಹಡಗನ್ನೂ ತೋರಿಸಲಿಲ್ಲ, ಹಕ್ಕಿಯನ್ನೂ ತೋರಿಸಲಿಲ್ಲ. ಒಳಗೆ ನಿಜವಾಗಿಯೂ ಏಡಿಯೇ ಇದ್ದರೆ? ಕಣ್ಣು ಬಿಗಿಯಾಗಿ ಮುಚ್ಚಿ ಕಚ್ಚಿದಳು. ಜಗಿದಳು. ನುಂಗಿದಳು.

“ಆಲೂಗಡ್ಡೆ,” ಎಂದಳು.

ಎಲ್ಲರೂ ಅವಳತ್ತ ತಿರುಗಿದರು.

“ಅವನು ಹೇಳಿದ್ದೇ ಸರಿ. ನಾನು ತಿಂದೇ ಇರ್ಲಿಲ್ಲ. ಸಿಗಡಿನೂ ತಿಂದಿಲ್ಲ, ಮೀನೂ ತಿಂದಿಲ್ಲ. ಎಲ್ಲಾ ಆ ಬೆಕ್ಕು ತಿಂತು.” ಗಿಣಿಯ ದನಿಯೂ ಈಗ ಚಿಕ್ಕಿಯ ಹಾಗೇ ಫುಸ್ ಎನ್ನುತ್ತಿತ್ತು. “ನಾನು ಯಾವತ್ತೂ ತಿಂದಿಲ್ಲ.”

ಅಷ್ಟರಲ್ಲಿ ಬಾಣಲಿ ಮಾಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಖಾಲಿ ತಟ್ಟೆಯನ್ನು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ.

“ಅಯ್ಯಯ್ಯೋ! ನನ್ನ ತಿಂಡಿ ಯಾರು ತಿಂದ್ರಿ?”

“ನಿಮ್ಮ ತಿಂಡಿನಾ?” ಎಂದಳು ಫೋಟೋ ಅಕ್ಕ.

“ಇನ್ನೇನು! ದಿನಾ ಬೆಳಗಿಂದ ಸಂಜೆ ತನಕ ಏಡಿ ಕರಿಯೋನು ಹಸಿವಾದಾಗ ಏಡಿನೇ ತಿನ್ನೋಕಾಗುತ್ತಾ? ನಂಗೆ ಅಂತ ಆಲೂಗಡ್ಡೆದು ಮಾಡ್ಕೊಂಡಿದ್ದೆ. ಏಡಿದು ಇಲ್ಲಿದೆಯಲ್ಲ!” ಎಂದು ಇನ್ನೊಂದು ತಟ್ಟೆಯ ಮುಚ್ಚಳ ತೆಗೆದ.

ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಂಗೆ ಮೊದಲೇ ಡೌಟಿತ್ತು,” ಎಂದರು ಟೋಪಿ ತಾತ, ಗಂಭೀರವಾಗಿ.

“ಅಲೆ ಬಂದು ಬಂದು ಹೋಗ್ತಾ ಇದೆ ಅಂದ್ರಲ್ಲ ತಾತ?” ಎಂದ ಹಲ್ಲಿಲ್ಲದ ಹುಡುಗ.

ಅಷ್ಟೇ ಸಾಕಾಯಿತು. ಫೋಟೋ ಅಕ್ಕ ನಕ್ಕು ನಕ್ಕು ಕ್ಯಾಮೆರಾ ಕೆಳಗಿಟ್ಟಳು. ತಾತ ಟೋಪಿಯಿಂದ ಮುಖ ಮುಚ್ಚಿಕೊಂಡು ನಕ್ಕರು. ಅಮ್ಮ ಮಗನನ್ನು ಎಳೆದು ಅಪ್ಪಿಕೊಂಡರು. “ನಾನೇ ಸಾರಿ ಹೇಳ್ಬೇಕು ಕಣೋ ನಿಂಗೆ,” ಎಂದರು. ಅವನು “ಪರ್ವಾಗಿಲ್ಲ” ಎಂದು ದೊಡ್ಡವರ ಹಾಗೆ ಹೇಳಿ, ನಿಜವಾದ ಏಡಿ ಉಂಡೆಗೆ ಕೈ ಹಾಕಿದ. ಅವರೆಲ್ಲ ಅದನ್ನು ತಿನ್ನತೊಡಗಿದರು. ಈ ಸಲ ಯಾರೂ ಬೇಗ ‘ಆಹಾ’ ಅನ್ನಲಿಲ್ಲ.

ಗಿಣಿ ಮೆಲ್ಲನೆ ಹಿಂದೆ ಹೋಗಿ ಹಳದಿ ಛತ್ರಿಯನ್ನು ಚಿಕ್ಕಿಯ ಮುಂದೆ ಹಿಡಿದಳು. ತಲೆ ಎತ್ತಲಿಲ್ಲ.

ಚಿಕ್ಕಿಯ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೇನೋ ಎಂದು ಗಿಣಿ ಗಾಬರಿಯಾದಳು. ಇಲ್ಲ, ನಗು. ಸದ್ದಿಲ್ಲದ ನಗುವಿಗೆ ಚಿಕ್ಕಿಯ ಕಣ್ಣಿನಲ್ಲಿ ನೀರೇ ಬಂದಿತ್ತು.

“ಚಿಕ್ಕಿ, ನಿಂಗೆ ಗೊತ್ತಿತ್ತಾ?”

ಚಿಕ್ಕಿ ಬೆಕ್ಕಿನ ಕಡೆ ನೋಡಿದಳು. ಆಮೇಲೆ ಗಿಣಿಯ ಜೇಬಿನ ಕಡೆ. ಜೇಬಿನ ಮೇಲೆ ಎಣ್ಣೆಯ ದೊಡ್ಡ ಕಲೆ.

“ನಾಳೆ ಟೆಸ್ಟು... ಇದ್ಯಲ್ಲ,” ಎಂದು ಪಿಸುಗುಟ್ಟಿದಳು. ಛತ್ರಿಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಕಟ್ಟೆಯ ತುದಿಗೆ ಕೈ ತೋರಿಸಿದಳು. ಅಲ್ಲಿ ಕೊನೆಯ ಅಂಗಡಿ ಇನ್ನೂ ಬಾಕಿ ಇತ್ತು.

ಅದು ಚಿಪ್ಪಜ್ಜಿಯ ಅಂಗಡಿ. ಅಜ್ಜಿಯ ದೊಡ್ಡ ಪಾತ್ರೆಯಲ್ಲಿ ಕಪ್ಪು ಚಿಪ್ಪುಗಳು ಆವಿಯಲ್ಲಿ ಬೇಯುತ್ತಿದ್ದವು. ಮುಚ್ಚಳ ತೆಗೆದಾಗ ಅವೆಲ್ಲ ಬಾಯಿ ಬಿಟ್ಟಿದ್ದವು. ಒಳಗೆ ಕಿತ್ತಳೆ ಬಣ್ಣದ, ಮೆತ್ತನೆಯ ಮಾಂಸದ ತುಣುಕು.

“ಬಾಯಿ ಬಿಡದೆ ಇರೋದನ್ನ ತಿನ್ಬಾರ್ದು, ಬಿಸಾಕ್ಬೇಕು,” ಎಂದಳು ಅಜ್ಜಿ, ಒಂದೆರಡನ್ನು ಪಕ್ಕಕ್ಕೆಸೆಯುತ್ತಾ. “ಮೊದಲ್ನೇದು ಯಾರಿಗೆ? ಛತ್ರಿ ಯಾರ ಕೈಲಿದೆ?”

ಎಲ್ಲರೂ ಗಿಣಿಯನ್ನು ನೋಡಿದರು.

“ಬೇಡ ಅಂದ್ರೆ ಬೇಡ,” ಎಂದರು ಟೋಪಿ ತಾತ. “ನಾವೇನೂ ಅಂದ್ಕೊಳ್ಳಲ್ಲ.”

ಗಿಣಿ ಚಿಪ್ಪನ್ನು ಕೈಗೆತ್ತಿಕೊಂಡಳು. ಬಿಸಿಯಾಗಿತ್ತು. ಅದಕ್ಕೆ ಕಣ್ಣಿಲ್ಲ ಎಂಬುದನ್ನು ಮೊದಲು ಚೆನ್ನಾಗಿ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಒಳಗಿನ ತುಣುಕನ್ನು ಬಾಯಿಗಿಟ್ಟುಕೊಂಡಳು.

ಬೆಕ್ಕು ಅವಳ ಕಾಲ ಬಳಿ ಬಂದು ಕುಳಿತು, ಮುಖ ಎತ್ತಿ ಕಾದಿತು. ಏನೂ ಬೀಳಲಿಲ್ಲ.

“ಹೇಗಿದೆ ಅಕ್ಕಾ?” ಎಂದ ಹಲ್ಲಿಲ್ಲದ ಹುಡುಗ.

‘ಚಮಚದಲ್ಲಿ ಸಮುದ್ರ ಕುಡಿದ ಹಾಗೆ!’ ಇದು ಇಲ್ಲಿ ಚಿಕ್ಕಿ ಪ್ರತಿ ವಾರ ಹೇಳುವ ಮಾತು. ಅದು ಗಿಣಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ನಾಲಿಗೆಯ ಮೇಲೆ ಈಗ ಬೇರೆ ಏನೋ ಇತ್ತು. ಉಪ್ಪು, ಹೌದು. ಅದರ ಹಿಂದೆ ಇನ್ನೊಂದು. ಮಳೆ ಬಂದು ನಿಂತ ಮೇಲೆ ಕಬ್ಬಿಣದ ಗೇಟು ಹಿಡಿದುಕೊಂಡರೆ ಕೈಗೆ ಬರುವ ವಾಸನೆಯ ಹಾಗೆ? ಅಲ್ಲ, ಪೂರ್ತಿ ಹಾಗೂ ಅಲ್ಲ.

“ಹೇಳಕ್ಕಾ!”

“ತಾಳು,” ಎಂದಳು ಗಿಣಿ, ಮೆಲ್ಲಗೆ ಜಗಿಯುತ್ತಾ. “ಇನ್ನೂ ಗೊತ್ತಾಗ್ತಾ ಇದೆ.”